ಗಾಡಿ ತಳಕ್ಕ ಏನು ಹಾಸ್ಬೇಕು? ಹಗೇವಿನಿಂದ ಪಿಕಪ್‌ವರೆಗೆ

1/6
ದೋಸ್ತ್ರೇ, ಈ ಸಲ ನರಗುಂದದ ಗುಡ್ಡ ಇಲ್ಲ, ಗಜೇಂದ್ರಗಡದ ಕೋಟೆನೂ ಇಲ್ಲ. ಈ ಸಲದ ಇತಿಹಾಸ ನಮ್ಮ ಕಾಕಾನ ಗಾಡಿ ಹಿಂದ ಐತಿ.

ಹೋದ ತಿಂಗಳು ಕಾಕಾ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡ್ರು. ಹಿಂದಿನ ಬಾಡಿಯೊಳಗ ಕರಿ ಪ್ಲಾಸ್ಟಿಕ್ ಲೈನರ್ ಕೂಡ್ಸಿದ್ರು, ನೋಡಾಕ ಹೊಸದರಂಗ ಮಿಂಚ್ತಿತ್ತು. ತೊಳಿಯೋಣ ಅಂತ ಅದನ್ನ ಎತ್ತಿದ್ವಿ. ಕೆಳಗ ಹಸಿ ಎರಿಮಣ್ಣು, ಹಳೇ ಗೊಬ್ಬರದ ಹರಳು, ಬೆರಳು ತೂರೋವಷ್ಟು ದೊಡ್ಡ ಎರಡು ತೂತು. ಕಾಕಾ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಉಳ್ಳಾಗಡ್ಡಿ ಕೀಳಾಕ ಇನ್ನ ಮೂರು ವಾರ. ಸಾಲದ ಕಂತು ಮಾತ್ರ ಪ್ರತಿ ತಿಂಗಳು.

"ಬಿಕಾಂ ಓದ್ತಿಯಲ್ಲ, ಯಾವುದು ಹಾಕಿಸಿದ್ರ ಲಾಭ ಹೇಳು" ಅಂದ್ರು. ನಾನು ಲೆಕ್ಕ ಹಾಕಾಕ ಕುಂತೆ, ಇತಿಹಾಸಕ್ಕ ಹೋಗಿಬಿಟ್ಟೆ.

2/6
ನಿಮ್ಮ ಊರಾಗ ಹಳೇ ಮನಿ ಮುಂದ ಹಗೇವು ನೋಡೀರೇನು? ನೆಲದೊಳಗ ತೋಡಿದ ಕಾಳಿನ ಕಣಜ ಅದು. ಬಿಳಿಜೋಳ ಸುರಿಯೋಕಿಂತ ಮೊದ್ಲು ತಳಕ್ಕ, ಗ್ವಾಡಿ ಸುತ್ತ ಕಣಕಿ, ಹೊಟ್ಟು ಹಾಕ್ತಿದ್ರು. ನೆಲದ ತಂಪನ್ನ ಮೊದ್ಲು ಕಣಕಿ ಹೀರ್ಕೋತಿತ್ತು, ಕಾಳು ಉಳಿತಿತ್ತು. ಹಗೇವು ತೆಗೆದಾಗ ಕೊಳೆತ ಕಣಕಿ ತಿಪ್ಪಿಗೆ, ಮುಂದಿನ ಸಲ ಹೊಸಾದು.

ಇದನ್ನ ನೆನಪಿಟ್ಕೊಳ್ರಿ: ಹಾಸು ತಾನು ಕೆಡ್ತಿತ್ತು, ಕೆಟ್ಟಿದ್ದು ಕಣ್ಣಿಗೆ ಕಾಣ್ತಿತ್ತು, ಬದಲಿ ಮಾಡಾಕ ಬರ್ತಿತ್ತು.

3/6
ಚಕ್ಕಡಿಗೂ ಇದೇ ಪದ್ಧತಿ. ತಿಪ್ಪಿಗೊಬ್ಬರಕ್ಕ ತೊಗರಿ ಕಟಗಿ ಹೆಣೆದ ತಟ್ಟಿ, ಕಾಳಿಗೆ ಗೋಣಿತಟ್ಟು, ಮಂದಿ ಜಾತ್ರಿಗೆ ಹೊಂಟ್ರ ಹುಲ್ಲಿನ ಮ್ಯಾಲ ಕೌದಿ. ಚಕ್ಕಡಿ ಒಂದೇ, ಸರಕು ಬದಲಾದಂಗ ಹಾಸೂ ಬದಲಿ.

ಹತ್ತಿ ವಿಷಯಕ್ಕ ಬಂದ್ರ ಇದು ರೊಕ್ಕದ ಮಾತು. 1861ರಿಂದ 1865ರವರೆಗೆ ಅಮೆರಿಕದಾಗ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗೋದು ನಿಂತಂಗಾತು. ಆಗ ನಮ್ಮ ಧಾರವಾಡ ಸೀಮೆ ಹತ್ತಿಗೆ ಎಲ್ಲಿಲ್ಲದ ಬೆಲೆ. ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿತ್ತು. ಬೆಲೆ ಏರಿದಂಗ ಕಸ, ಮಣ್ಣು, ಬೀಜ ಬೆರೆಸೋದೂ ಏರ್ತು. 1863ರಲ್ಲಿ ಬಾಂಬೆ ಸರ್ಕಾರ ಹತ್ತಿ ಕಲಬೆರಕೆ ತಡೆಯಾಕ ಕಾಯ್ದೆನೇ ತಂತು. ಅಂದ್ರ ಅರಳಿ ಜೊತಿ ಏನು ಸೇರ್ತೈತಿ ಅನ್ನೋದು ಅವತ್ತಿಗೇ ಕಾನೂನಿನ ವಿಷಯ.

ಇವತ್ತೂ ಅಷ್ಟೇ. ಪ್ಲಾಸ್ಟಿಕ್ ಚೀಲ, ಹರಿದ ತಾಡಪತ್ರಿ ಎಳಿ ಹತ್ತಿಯೊಳಗ ಸೇರಿದ್ರ ನೂಲಾಗಿ ಬಟ್ಟಿವರೆಗೂ ಹೋಗ್ತೈತಿ. ಅದಕ್ಕ ಬಣ್ಣ ಹತ್ತಂಗಿಲ್ಲ, ಗಿರಣಿಯವರು ಬ್ಯಾಡ ಅಂತಾರ. 2000ದಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಹತ್ತಿ ತಂತ್ರಜ್ಞಾನ ಮಿಷನ್ನಿನ ಒಂದು ಗುರಿ ಈ ಕಲಬೆರಕೆ ಕಡಿಮಿ ಮಾಡೋದೇ ಆಗಿತ್ತು.

4/6
ಈಗ ಕಬ್ಬಿಣಕ್ಕ ಬರ್ರಿ. 1837ರಲ್ಲಿ ಫ್ರಾನ್ಸಿನ ಸೊರೆಲ್ ಅನ್ನೋ ಎಂಜಿನಿಯರ್, ಕಬ್ಬಿಣಕ್ಕ ಸತುವಿನ ಲೇಪ ಕೊಡೋ ಪದ್ಧತಿಗೆ ಪೇಟೆಂಟ್ ತಗೊಂಡ. ಸತುವು ತಾನು ಮೊದ್ಲು ಸವೀತೈತಿ, ಕಬ್ಬಿಣ ಉಳಿಸ್ತೈತಿ. ನಮ್ಮ ಹಗೇವಿನ ಕಣಕಿ ಮಾಡ್ತಿದ್ದ ಕೆಲಸಾನೇ ಅಲ್ಲೇನು?

1925ರಲ್ಲಿ ಫೋರ್ಡ್ ಕಂಪನಿ ಕಾರ್ಖಾನೆಯಿಂದಲೇ ಪಿಕಪ್ ಬಾಡಿ ಕೂಡ್ಸಿದ ಗಾಡಿ ಮಾರ್ತು. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಾಲಯದಾಗ ಪಾಲಿಥೀನ್ ಅಕಸ್ಮಾತ್ತಾಗಿ ಸಿಕ್ತು. 1937ರಲ್ಲಿ ಜರ್ಮನಿಯ ಓಟೊ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ. ಬಾಡಿಯೊಳಗ ಕೂಡ್ಸೋ ಪ್ಲಾಸ್ಟಿಕ್ ಲೈನರ್ ಮೊದಲನೇದರ ವಂಶ, ಸ್ಪ್ರೇ ಹೊಡೆಯೋ ಲೈನಿಂಗ್ ಎರಡನೇದರ ವಂಶ. ನಮ್ಮ ಕಡೆ ಸಣ್ಣ ಗಾಡಿ ಓಣಿ ಓಣಿಗೆ ಬಂದಿದ್ದು 2005ರಲ್ಲಿ ಟಾಟಾ ಏಸ್ ಬಂದ ಮ್ಯಾಲ. ಚಕ್ಕಡಿ ಹೋತು. ಅದರ ಜೊತಿ ಸರಕಿಗೆ ತಕ್ಕ ಹಾಸು ಹಾಕೋ ರೂಢಿನೂ ಹೋತು.

5/6
ಲೆಕ್ಕ. ಟೇಪ್ ಹಿಡಿದು ಅಳದ್ವಿ: ತಳ 9 ಅಡಿ ಉದ್ದ, 5.5 ಅಡಿ ಅಗಲ. ಹತ್ರ ಹತ್ರ 50 ಚದರ ಅಡಿ.

• 3 ಮಿ.ಮೀ. ಚೆಕ್ಕರ್ ಪ್ಲೇಟ್: 110 ಕೆಜಿ ಮ್ಯಾಲ. ಕಲ್ಲು, ಗರಸು ಹೊರಾಕ ಗಟ್ಟಿ. ಆದ್ರ ಪ್ರತಿ ಟ್ರಿಪ್ಪಿಗೂ 50 ಕೆಜಿಯ ಎರಡು ಉಳ್ಳಾಗಡ್ಡಿ ಚೀಲ ಬಿಟ್ಟು ಹೋಗ್ಬೇಕು.
• ಪ್ಲಾಸ್ಟಿಕ್ ಲೈನರ್: ಹಗುರ, ಕೂಡ್ಸೋದು ಸಲೀಸು. ಆದ್ರ ಅದಕ್ಕೂ ತಳಕ್ಕೂ ನಡುವ ಸಂದಿ ಇರ್ತೈತಿ. ನೀರು, ಮಣ್ಣು ಅಲ್ಲೇ ಕೂಡ್ತಾವು. ಗಾಡಿ ಅಲುಗಾಡಿದಂಗ ಪೇಂಟ್ ಉಜ್ಜಿ ಹೋಗ್ತೈತಿ. ಪೊಟ್ಯಾಷ್ ಗೊಬ್ಬರದಾಗಿನ ಕ್ಲೋರೈಡ್ ಸೇರಿದ್ರಂತೂ ಜಂಗು ಓಡ್ತೈತಿ.
• ಸ್ಪ್ರೇ ಲೈನಿಂಗ್: 3 ಮಿ.ಮೀ. ದಪ್ಪಕ್ಕ ತಳಕ್ಕಷ್ಟೇ 15 ಕೆಜಿ ಹತ್ರ. ಕಬ್ಬಿಣಕ್ಕ ಅಂಟಿಕೊಳ್ತೈತಿ, ಸಂದಿ ಇಲ್ಲ. ರೊಕ್ಕ ಜಾಸ್ತಿ. ಹಳೇ ಜಂಗು ಪೂರ್ತಿ ತೆಗೀದ ಹೊಡೆಸಿದ್ರ ಒಳಗೊಳಗ ಅದು ಬೆಳೀತಾನೇ ಇರ್ತೈತಿ. ಹೊಸ ಗಾಡಿಗೆ ಇದೇ ಚಲೋ.
• 6 ಮಿ.ಮೀ. ರಬ್ಬರ್ ಮ್ಯಾಟ್: 40 ಕೆಜಿ ಹತ್ರ. ಚೀಲ ಜಾರಂಗಿಲ್ಲ. ಇದರ ಕೆಳಗೂ ನೀರು ನಿಲ್ತೈತಿ, ಆದ್ರ ಸುತ್ತಿ ಎತ್ತಿ ಬಿಸಿಲಿಗೆ ಹಾಕಾಕ ಬರ್ತೈತಿ.

6/6
ಕ್ಲಾಸಿನಾಗ ಸವಕಳಿ ಅಂದ್ರ ವರ್ಷಕ್ಕಿಷ್ಟು ಪರ್ಸೆಂಟ್ ಅಂತ ಬರೀತೀವಿ. ಆ ಪರ್ಸೆಂಟ್ ಎಲ್ಲಿಂದ ಶುರು ಆಗ್ತೈತಿ ಅಂತ ನಾನು ನೋಡಿದ್ದು ಆ ಲೈನರ್ ಎತ್ತಿದಾಗ. ಅದು ಕಬ್ಬಿಣ ಕಾಯಲಿಲ್ಲ, ಜಂಗನ್ನ ನಮ್ಮ ಕಣ್ಣಿಂದ ಮುಚ್ಚಿಟ್ಟಿತ್ತು. ಗಾಡಿ ತಗೊಳ್ಳುವಾಗ ನಾವೂ ಅದನ್ನ ಎತ್ತಿ ನೋಡಿರಲಿಲ್ಲ, ಆ ತಪ್ಪು ನಮ್ಮದೇ.

ಕಡೀಕ ಏನ್ ಮಾಡಿದ್ವಿ? ಜಂಗು ಉಜ್ಜಿಸಿ, ತೂತಿಗೆ ತೇಪೆ ಹಾಕಿಸಿ, ಪ್ರೈಮರ್, ಪೇಂಟ್ ಹೊಡೆಸಿದ್ವಿ. ನೀರು ಹೋಗೋ ಕಿಂಡಿ ಬಿಡಿಸಿದ್ವಿ. ಮ್ಯಾಲ ರಬ್ಬರ್ ಮ್ಯಾಟ್. ಹತ್ತಿ ಹೇರೋ ದಿನ ಅದರ ಮ್ಯಾಲ ಹಳೇ ಹತ್ತಿ ಬಟ್ಟಿ, ತಾಡಪತ್ರಿ ಅಲ್ಲ. ಪ್ರತಿ ಭಾನುವಾರ ಮ್ಯಾಟ್ ಎತ್ತಿ ಒಣಗಿಸೋ ಕೆಲಸ ನನ್ನ ಪಾಲಿಗೆ ಬಂದೈತಿ, ಇತಿಹಾಸ ಹೇಳಿದ್ದಕ್ಕ ಶಿಕ್ಷೆ 😅

ನಿಮ್ಮನ್ಯಾಗ ಪಿಕಪ್ ಇದ್ರ ಇವತ್ತೇ ಹಾಸು ಎತ್ತಿ ನೋಡ್ರಿ. ಮತ್ತ ಅಜ್ಜ-ಅಮ್ಮನ್ನ ಕೇಳ್ರಿ: ಚಕ್ಕಡಿಗೆ ಏನು ಹಾಸ್ತಿದ್ರು, ಅದಕ್ಕ ನಿಮ್ಮೂರಾಗ ಏನಂತಿದ್ರು? ಕಮೆಂಟಿನಾಗ ಬರೀರಿ, ಎಲ್ಲಾ ಸೇರಿಸಿ ಒಂದು ಪೋಸ್ಟ್ ಮಾಡ್ತೀನಿ.

#ರೋಣ #ನರಗುಂದ #ಗಜೇಂದ್ರಗಡ #ನಮ್ಮೂರ_ಇತಿಹಾಸ #ಚಕ್ಕಡಿ #ಹಗೇವು