ಸಾಮಾನಿನ ಪಟ್ಟಿ ಬರೆದವರು ಯಾರು?

ಮನೆ ಬದಲಿಸುವುದೆಂದರೆ ಮೊದಲು ಸಾಮಾನಿನ ಲೆಕ್ಕ. ಹಂಡೆ ಎಷ್ಟು, ಕೊಡ ಎಷ್ಟು, ಒರಳನ್ನು ಒಯ್ಯುವುದೋ ಬಿಡುವುದೋ? ಗಾಡಿ ಅಂಗಳಕ್ಕೆ ಬರುವ ಮೊದಲೇ ಈ ಪಟ್ಟಿ ಮನೆಯ ಹೆಂಗಸರ ತಲೆಯಲ್ಲಿ ಸಿದ್ಧವಾಗಿರುತ್ತದೆ. ಸಾಮಾನು, ಜಪ್ತಿ, ಹರಾಜು ಎಂಬ ಮೂರೂ ಶಬ್ದಗಳು ಅರಬ್ಬಿ-ಫಾರಸಿಯಿಂದ ಬಂದು ಕನ್ನಡವೇ ಆಗಿಹೋಗಿವೆ. ಉತ್ತರ ಕನ್ನಡದ ಚರಿತ್ರೆಯಲ್ಲಿ ಈ ಮೂರೂ ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ. ಆ ಚರಿತ್ರೆಯನ್ನು ಓದುವಾಗ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ: ಪಟ್ಟಿ ಬರೆದವರು ಯಾರು?

ಮೊದಲ ಪಟ್ಟಿಯನ್ನು ಬರೆದದ್ದು ಸರಕಾರದ ಜಪ್ತಿ ಅಧಿಕಾರಿಗಳು. ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1932ರಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಸರಕಾರ ಮನೆಯ ಸಾಮಾನನ್ನು ಜಪ್ತಿ ಮಾಡಿತು, ಜಮೀನನ್ನು ಹರಾಜಿಗಿಟ್ಟಿತು. ಹರಾಜಿನಲ್ಲಿ ಜಮೀನು ಕೊಂಡವರ ಮನೆಯೆದುರು ಹೆಂಗಸರು ಸತ್ಯಾಗ್ರಹ ಹೂಡಿದರು. ಮಾವಿನಗುಂಡಿಯ ಹೆಸರು ಇಂದಿಗೂ ಉಳಿದಿರುವುದು ಅದರಿಂದಲೇ. 1937ರಲ್ಲಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಹೋದ ಜಮೀನುಗಳನ್ನು ಹಿಂದಿರುಗಿಸುವ ಕೆಲಸ ನಡೆಯಿತು. ಆ ಮನೆಗಳವರಿಗೆ ಕೊನೆಗೆ ಹಿಂದಿರುಗಲು ಒಂದು ನೆಲವಾದರೂ ಇತ್ತು.

ಎರಡನೆಯ ಪಟ್ಟಿ ಪರಿಹಾರದ ಕಚೇರಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೆರೆಯ ಸಾಗರ, ಹೊಸನಗರ ತಾಲೂಕುಗಳ ಊರುಗಳು ಶರಾವತಿಯ ನೀರಿನಲ್ಲಿ ಮುಳುಗಿದವು. ಮುಂದೆ ಕಾಳಿ ನದಿಯ ಅಣೆಕಟ್ಟು ಸೂಪಾ ಪೇಟೆಯನ್ನೇ ನುಂಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. ಕಚೇರಿಯ ಪಟ್ಟಿಯಲ್ಲಿ ಗೋಡೆ, ಹೆಂಚು, ಮರಗಳಿಗೆ ಬೆಲೆಯಿತ್ತು. ಬೆಟ್ಟದ ಒರತೆಯಿಂದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬಚ್ಚಲಿಗೆ ಬರುವ ನೀರಿಗೆ ಯಾವ ಬೆಲೆ? ಹೆರಿಗೆಯ ರಾತ್ರಿ ಕೂಗಿದರೆ ಓಡಿಬರುವ ಆಚೆಮನೆಯವರಿಗೆ? ಇವನ್ನು ಯಾವ ಗೋಣಿಯಲ್ಲಿ ತುಂಬಿ, ಯಾವ ಹಗ್ಗದಲ್ಲಿ ಕಟ್ಟುವುದು? ಹಕ್ಕುಪತ್ರಕ್ಕಾಗಿ ಶರಾವತಿ ಸಂತ್ರಸ್ತರ ಅಲೆದಾಟ ಆರು ದಶಕ ಕಳೆದರೂ ಮುಗಿಯಲಿಲ್ಲ. ಗಾಡಿಯಿಂದ ಇಳಿಸಿದ ಸಾಮಾನನ್ನು ಇದು ನಮ್ಮದೆಂದು ಹೇಳಿ ಇಡುವ ಜಾಗವೇ ಅವರಲ್ಲಿ ಅನೇಕರಿಗೆ ದಕ್ಕಲಿಲ್ಲ.

ಮೂರನೆಯ ಪಟ್ಟಿಗಾಗಿ ನಾವು ಭೈರುಂಬೆಯ ಕಡೆಗೆ ಬರಬೇಕು. ಶಿರಸಿ ತಾಲೂಕಿನ ಈ ಅಡಿಕೆ ಸೀಮೆಯಲ್ಲಿ ಶಾಲ್ಮಲೆ ಹರಿಯುತ್ತಾಳೆ. ಸಹಸ್ರಲಿಂಗವೂ ಇಲ್ಲಿಗೆ ದೂರವಲ್ಲ. ಶಾಲ್ಮಲೆ ಕೂಡುವ ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಈ ಕಣಿವೆಯ ತೋಟಿಗರೂ ಗಂಟುಮೂಟೆ ಕಟ್ಟುವ ಮಾತು ಎದ್ದಿತು. ಆದರೆ ಇವರು ಹಗ್ಗ ಹುಡುಕಲಿಲ್ಲ, ಲೆಕ್ಕದ ಪುಸ್ತಕ ತೆಗೆದರು. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1981ರಲ್ಲಿ ವಿಚಾರ ಸಂಕಿರಣ ಕರೆಯಿತು. ವಿಜ್ಞಾನಿಗಳೂ ತೋಟಿಗರೂ ಒಟ್ಟಿಗೆ ಕುಳಿತು ಸರಕಾರದ ಲಾಭನಷ್ಟದ ಲೆಕ್ಕವನ್ನು ಪರೀಕ್ಷಿಸಿದರು. ಶಿವರಾಮ ಕಾರಂತರೂ ಈ ಯೋಜನೆಯನ್ನು ವಿರೋಧಿಸಿದವರಲ್ಲಿ ಒಬ್ಬರು. ಅಡಿಕೆ ಸಸಿ ಫಲ ಕೊಡಲು ಹಲವು ವರ್ಷ ಬೇಕು. ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು, ಕೊಟ್ಟಿಗೆಯ ಗೊಬ್ಬರ ಬೇಕು, ಮೇಲಿನ ಕಾಡಿನ ತಂಪು ಬೇಕು. ತೋಟವೊಂದನ್ನು ಎತ್ತಿ ಬೇರೆಡೆ ಇಡುವುದು ಆಗದ ಮಾತು. ಕೊನೆಗೆ ಯೋಜನೆಯನ್ನು ಕೈಬಿಡಲಾಯಿತು. ಅಟ್ಟದ ಹಂಡೆಗಳು ಅಟ್ಟದಲ್ಲೇ ಉಳಿದವು.

ಇಲ್ಲಿಗೆ ಚರಿತ್ರೆ ಮುಗಿಯಿತೆಂದು ಹೇಳುವಂತಿಲ್ಲ. ಈ ದಶಕದಲ್ಲಿ ಬೇಡ್ತಿ-ವರದಾ ನದಿ ಜೋಡಣೆಯ ಪ್ರಸ್ತಾಪ ಬಂದಾಗ ಕಣಿವೆಯ ಜನ ಮತ್ತೆ ಬೀದಿಗಿಳಿದರು.

ಇನ್ನೂ ಒಂದು ಮಾತನ್ನು ಹೇಳಲೇಬೇಕು. ತೋಟಿಗರಿಗೆ ಸಂಘವಿತ್ತು, ಓದುಬರಹವಿತ್ತು, ಕೈಯಲ್ಲಿ ಪಹಣಿಯಿತ್ತು. ಕೊನೆ ಕೊಯ್ಯುವವನು, ಬಿಡಾರದಲ್ಲಿರುವ ಕೂಲಿಯವಳು, ಪೇಟೆಯ ಬಾಡಿಗೆ ಕೋಣೆಯಲ್ಲಿ ಅಂಗಡಿಯಿಟ್ಟ ಸಾಬರು, ಕಾಡಂಚಿನ ಸಿದ್ದಿ ಕುಟುಂಬ, ಇವರ ಸಾಮಾನು ಒಂದೇ ಗಂಟಿನಲ್ಲಿ ಮುಗಿಯುತ್ತದೆ. ಅಷ್ಟಕ್ಕೇ ಅವರ ನಷ್ಟವೂ ಚಿಕ್ಕದೆಂದು ಲೆಕ್ಕ ಬರೆಯುವವರು ತಿಳಿಯುತ್ತಾರೆ. ಊರು ಬಿಟ್ಟರೆ ಕೆಲಸ, ಸಾಲ ಕೊಡುವ ಅಂಗಡಿ, ಗುರುತಿನ ಮುಖ ಎಲ್ಲವನ್ನೂ ಒಮ್ಮೆಲೇ ಕಳೆದುಕೊಳ್ಳುವವರು ಇವರೇ. ಮುಂದಿನ ಪಟ್ಟಿ ಬರೆಯುವಾಗ ಅದನ್ನು ಈ ಬಿಡಾರಗಳಿಂದ ಆರಂಭಿಸೋಣ.