ಹೊಟ್ಟೆಗೆ ಇನ್ನೊಂದು ದಾರಿ

ಊಟ ಮಾಡಿಸುವುದು ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ಚಂದಮಾಮನನ್ನು ತೋರಿಸಿ ಮಗುವಿನ ಬಾಯಿಗೆ ತುತ್ತಿಡುವುದರಿಂದ ಹಿಡಿದು ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸುವವರೆಗೆ ಅದೇ ಕೈ, ಅದೇ ಚಮಚ. ಆದರೆ ಬಾಯಿಗಿಟ್ಟದ್ದು ಗಂಟಲಲ್ಲಿ ಇಳಿಯದೇ ಹೋದರೆ? ಶ್ರೀಗಂಧದ ಕಾವಲಿನ ನಮ್ಮ ಬೀದಿಯೊಂದರಲ್ಲೇ ಮೂಗಿಗೆ ನಳಿಕೆ ಹಾಕಿಸಿಕೊಂಡ ಹಿರಿಯರು ಎರಡು ಮನೆಗಳಲ್ಲಿದ್ದಾರೆ. ಇಬ್ಬರಿಗೂ ಪಾರ್ಶ್ವವಾಯು. ಸೊಸೆಯರು ಗಂಜಿ ಸೋಸಿ ದೊಡ್ಡ ಸಿರಿಂಜಿನಲ್ಲಿ ಬಿಡುತ್ತಾರೆ. ಅವರಲ್ಲೊಬ್ಬಾಕೆ, "ಟೀಚರ್, ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕೋ ಬೈಯಬೇಕೋ ಗೊತ್ತಾಗೋಲ್ಲ" ಎಂದರು. ಚರಿತ್ರೆ ಪಾಠ ಮಾಡುವವಳಿಗೆ ಅಷ್ಟು ಸಾಕಾಯಿತು.

ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯರಿದ್ದರು. 1790ರ ಸುಮಾರಿಗೆ ನುಂಗಲಾಗದ ರೋಗಿಯೊಬ್ಬನಿಗೆ ಅವರು ಹಾವುಮೀನಿನ ಚರ್ಮವನ್ನು ತಿಮಿಂಗಿಲದ ಮೂಳೆಯ ಕಡ್ಡಿಗೆ ಹೊದಿಸಿ, ಅದನ್ನು ಹೊಟ್ಟೆಗಿಳಿಸಿ, ಕದಡಿದ ಮೊಟ್ಟೆ, ಹಾಲು, ಸಕ್ಕರೆಗಳಂಥದ್ದನ್ನು ಉಣಿಸಿದರಂತೆ. ಓದುವಾಗ ನಮಗೆ ಮೈ ಜುಮ್ಮೆನ್ನುತ್ತದೆ, ಆದರೆ ಆ ರೋಗಿ ಚೇತರಿಸಿಕೊಂಡ. ಹೊಟ್ಟೆಯನ್ನೇ ಕೊಯ್ದು ದಾರಿ ಮಾಡುವ ಸಾಹಸ 1849ರಲ್ಲಿ ಫ್ರಾನ್ಸಿನ ಸೆಡಿಯೋ ಅವರದು, ರೋಗಿ ಉಳಿಯಲಿಲ್ಲ. 1876ರಲ್ಲಿ ಪ್ಯಾರಿಸಿನ ವೆರ್ನೊಯ್ ಗೆದ್ದರು. ನಮ್ಮ ಆಸ್ಪತ್ರೆಗಳಲ್ಲಿ ಆಯಾಗಳ ಬಾಯಲ್ಲೂ ಇರುವ 'ರೈಲ್ಸ್ ಟ್ಯೂಬ್' ಇಂಗ್ಲೆಂಡಿನ ಜಾನ್ ರೈಲ್ ಅವರು 1921ರಲ್ಲಿ ತಂದದ್ದು. ತಮಾಷೆ ನೋಡಿ, ಅವರು ಅದನ್ನು ಮಾಡಿದ್ದು ಹೊಟ್ಟೆಯ ರಸವನ್ನು ಪರೀಕ್ಷೆಗೆ ಹೊರತೆಗೆಯಲು!

1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗೌಡರರ್ ಮತ್ತು ಪಾನ್‌ಸ್ಕಿ ಎಂಬ ವೈದ್ಯರು ಹೊಟ್ಟೆ ತೆರೆಯದೆಯೇ, ಎಂಡೋಸ್ಕೋಪಿನ ಬೆಳಕಿನಲ್ಲಿ ಒಂದು ಸಣ್ಣ ತೂತಿನಿಂದ ನಳಿಕೆ ಕೂರಿಸಿದರು. ಇದೇ 'ಪೆಗ್'. ಮೊದಲು ಅದು ಬೇಕಾದದ್ದು ಮಕ್ಕಳಿಗೆ, ಆಮೇಲೆ ಮುದುಕರಿಗೂ ಬಂತು. ನಾಲ್ಕಾರು ವಾರಗಳಿಗಿಂತ ಹೆಚ್ಚು ಕಾಲ ನಳಿಕೆ ಬೇಕೆಂದಾದರೆ ವೈದ್ಯರು ಮೂಗಿನದನ್ನು ಬಿಟ್ಟು ಇದನ್ನೇ ಹೇಳುತ್ತಾರೆ. ಮೂಗಿನಲ್ಲಿ ಹುಣ್ಣಾಗುವುದಿಲ್ಲ, ರೋಗಿ ಕಿತ್ತೆಸೆಯುವುದೂ ಕಡಿಮೆ.

ಆದರೆ ಪೆಗ್ ಹಾಕಿಸಿದೆವು, ಇನ್ನು ಪುಪ್ಪುಸಕ್ಕೆ ಏನೂ ಹೋಗದು ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು, ಅಥವಾ ಬಾಯಿಯ ಜೊಲ್ಲೇ ಉಸಿರ್ನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಅದಕ್ಕೇ ತಲೆ ಎತ್ತರಿಸಿ ಉಣಿಸಬೇಕು, ಉಂಡ ಕೂಡಲೇ ಮಲಗಿಸಬಾರದು. ತೂತಿನ ಸುತ್ತ ಕೆಂಪಾಗುವುದು, ಕೀವು, ಸೋರುವುದು ಸಾಮಾನ್ಯ. ಅಪರೂಪಕ್ಕೆ ರಕ್ತಸ್ರಾವ, ಕರುಳಿಗೆ ಗಾಯ, ಒಳಗಿನ ಬಿಲ್ಲೆ ಹೊಟ್ಟೆಯ ಗೋಡೆಯಲ್ಲೇ ಹೂತುಹೋಗುವುದೂ ಇದೆ. ಹಾಕಿದ ಮೊದಲ ವಾರಗಳಲ್ಲಿ ನಳಿಕೆ ಕಳಚಿಬಂದರೆ ಮನೆಯಲ್ಲೇ ತುರುಕುವ ಧೈರ್ಯ ಮಾಡಬಾರದು. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಗಂಜಿ ಹೊಟ್ಟೆಯ ಹೊರಗೆ ಚೆಲ್ಲಿದರೆ ಪ್ರಾಣಕ್ಕೇ ಸಂಚಕಾರ. ಮೂಗಿನ ನಳಿಕೆಯೂ ಸಾಚಾ ಅಲ್ಲ, ಜಾರಿ ಉಸಿರ್ನಾಳಕ್ಕೆ ಸೇರಬಲ್ಲದು. ಪ್ರತಿಸಲ ಬಿಡುವ ಮೊದಲು ಮೂಗಿನ ಹತ್ತಿರದ ಗುರುತು ಅಲ್ಲೇ ಇದೆಯೇ ಎಂದು ನೋಡಿಕೊಳ್ಳಬೇಕು.

ಈ ಎಲ್ಲದರ ನಡುವೆ ನನ್ನ ಮನಸ್ಸು ಹೋಗಿ ನಿಲ್ಲುವುದು ಹೊನ್ನಾವರದ ಹಳದೀಪುರದ ಹುಡುಗಿ ಅರುಣಾ ಶಾನಭಾಗಳ ಬಳಿ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕೆ ನರ್ಸ್. 1973ರ ನವೆಂಬರ್ 27ರಂದು ಅಲ್ಲಿನ ಕೆಲಸದವನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರು ಸಿಗದೆ ಆಕೆ ಮತ್ತೆ ಮೊದಲಿನಂತಾಗಲಿಲ್ಲ. ಅಲ್ಲಿನ ನರ್ಸುಗಳು ಒಂದು ತಲೆಮಾರಿನವರಿಂದ ಇನ್ನೊಂದು ತಲೆಮಾರಿನವರಿಗೆ ಒಪ್ಪಿಸಿಕೊಳ್ಳುತ್ತ, ಅರೆದ ಅನ್ನವನ್ನು ಬಾಯಿಗೇ ತಿನ್ನಿಸಿದರು. 2010ರ ಸೆಪ್ಟೆಂಬರಿನಲ್ಲಿ ಜ್ವರ ಬಂದು ತಿನ್ನುವುದು ಕಡಿಮೆಯಾದ ಮೇಲಷ್ಟೇ ಮೂಗಿನ ನಳಿಕೆ ಬಂದದ್ದು. ಸುಮಾರು ಮೂವತ್ತೇಳು ವರ್ಷಗಳ ತುತ್ತು! ಆಧುನಿಕ ವೈದ್ಯಕೀಯ ಎಂದರೆ ಯಂತ್ರ ಎಂದುಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆಕೆಗೆ ಉಣಿಸುವುದನ್ನು ನಿಲ್ಲಿಸಿ, ಮುಕ್ತಿ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟು ಒಪ್ಪಲಿಲ್ಲ. ಆಕೆಯ ಪರವಾಗಿ ಮಾತಾಡಬೇಕಾದವರು ನೋಡಿಕೊಂಡ ಆಸ್ಪತ್ರೆಯವರೇ ಎಂದಿತು. ಆದರೆ ಅದೇ ತೀರ್ಪು, ಬೇರೆಯವರ ವಿಷಯದಲ್ಲಿ ಹೈಕೋರ್ಟಿನ ಒಪ್ಪಿಗೆಯಿಂದ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನೂ ತೆರೆಯಿತು. ನರ್ಸುಗಳು ಸಿಹಿ ಹಂಚಿದರು. ಪಿಂಕಿಯವರದೂ ಕರುಣೆಯೇ, ನರ್ಸುಗಳದೂ ಕರುಣೆಯೇ; ಯಾರ ಕಡೆ ನಿಲ್ಲಲಿ ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. 2015ರ ಮೇ 18ರಂದು ಅರುಣಾ ತೀರಿಕೊಂಡಳು. ಕೊನೆಗೆ ಬಂದದ್ದು ನ್ಯುಮೋನಿಯಾ.

2018ರಲ್ಲಿ ಐವರು ನ್ಯಾಯಾಧೀಶರ ಪೀಠ, ಮುಂದೆ ನಮಗೆ ಏನು ಬೇಕು, ಏನು ಬೇಡ ಎಂಬುದನ್ನು ಮೊದಲೇ ಬರೆದಿಡಬಹುದು ಎಂದಿತು. 2023ರಲ್ಲಿ ಆ ಕ್ರಮವನ್ನು ಸರಳ ಮಾಡಿದರು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನಾನೂ ಒಂದು ಹಾಳೆ ತೆಗೆದಿಟ್ಟಿದ್ದೇನೆ. ವೆಂಟಿಲೇಟರ್ ಬೇಡ ಎಂದು ಬರೆಯುವುದು ಕಷ್ಟವಾಗಲಿಲ್ಲ. ನಳಿಕೆಯ ಸಾಲಿಗೆ ಬಂದಾಗ ಮಗಳು, "ಅಮ್ಮಾ, ಅದೊಂದು ಈಗ ಬೇಡ, ಖಾಲಿ ಬಿಡು" ಎಂದಳು. ಬಿಟ್ಟಿದ್ದೇನೆ.