ಔಷಧಕ್ಕಿಂತ ಮೊದಲು ಬಂದ ನಕ್ಷೆ

ಕಂಪ್ಯೂಟರಿನಲ್ಲಿ ಔಷಧ ಹುಡುಕುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ದೊಡ್ಡ ಯಂತ್ರಗಳಿಂದ ಶುರುಮಾಡುತ್ತಾರೆ. ಅದನ್ನು 1963ರ ಮದರಾಸಿನಿಂದ ಶುರುಮಾಡುವುದೇ ನ್ಯಾಯ. ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಚರ್ಮ, ಮೂಳೆಗಳಲ್ಲಿರುವ ಕೊಲ್ಯಾಜೆನ್ ಪ್ರೊಟೀನಿಗೆ ಮೂರೆಳೆಯ ರಚನೆಯೊಂದನ್ನು ಸೂಚಿಸಿದ್ದರು. ಅದರಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂದು ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಕರಾರು ತೆಗೆದರು. ಹಾಗಾದರೆ ಎಷ್ಟು ಹತ್ತಿರ ಬರಬಹುದು? ಉತ್ತರಕ್ಕಾಗಿ ರಾಮಚಂದ್ರನ್ ಆವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ, ಪರಮಾಣು ಜೋಡಿಗಳ ನಡುವಿನ ಕನಿಷ್ಠ ಅಂತರಗಳನ್ನು ಗೊತ್ತುಮಾಡಿಕೊಂಡರು.

ಪ್ರೊಟೀನ್ ಸರಪಳಿಯಲ್ಲಿ ಒಂದೊಂದು ಅಮೈನೊ ಆಮ್ಲದ ಬಳಿಯೂ ಎರಡು ಬಂಧಗಳು ತಿರುಗಬಲ್ಲವು. ಆ ತಿರುವುಗಳೇ ಫೈ ಮತ್ತು ಸೈ ಕೋನಗಳು. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಡನೆ ರಾಮಚಂದ್ರನ್ ಈ ಕೋನಗಳನ್ನು ಹಂತಹಂತವಾಗಿ ಬದಲಿಸುತ್ತ, ಯಾವ ಭಂಗಿಯಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆಂದು ಲೆಕ್ಕ ಹಾಕಿದರು. ಕೈಯಲ್ಲಿದ್ದದ್ದು ಮೇಜಿನ ಲೆಕ್ಕಯಂತ್ರ. 1963ರಲ್ಲಿ ಹೊರಬಂದದ್ದು ಒಂದು ಚೌಕಾಕಾರದ ನಕ್ಷೆ. ಅದರ ಬಹುಪಾಲು ನಿಷಿದ್ಧ ಪ್ರದೇಶ. ಉಳಿದ ಸಣ್ಣ ತುಣುಕುಗಳಲ್ಲೇ ಆಲ್ಫಾ ಸುರುಳಿಯೂ ಬೀಟಾ ಹಾಳೆಯೂ ಕೂತಿದ್ದವು. ಪಕ್ಕಕ್ಕೆ ಬರೀ ಹೈಡ್ರೋಜನ್ ಇರುವ ಗ್ಲೈಸಿನ್ನಿಗೆ ಮಾತ್ರ ಓಡಾಟದ ಜಾಗ ಹೆಚ್ಚು. ಕೆಲವು ಅಂತರಗಳು ಮತ್ತು ಕೂಡುವ ಕಳೆಯುವ ತಾಳ್ಮೆ, ಇಷ್ಟರಿಂದಲೇ ಪ್ರೊಟೀನುಗಳು ತಾಳಲಾರದ ಆಕಾರಗಳು ಯಾವುವೆಂದು ತಿಳಿದದ್ದು ನಿಜಕ್ಕೂ ದೊಡ್ಡ ಸಾಧನೆ.

ಇದು ರಚನೆಯ ಅಧ್ಯಯನ, ಔಷಧಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಎಚ್‌ಐವಿಯ ಪ್ರೋಟಿಯೇಸ್ ಕಿಣ್ವವನ್ನೇ ನೋಡಿ. ಅದರ ರಚನೆ 1989ರಲ್ಲಿ ಬೆಳಕಿಗೆ ಬಂತು; ಅದನ್ನು ತಡೆಯುವ ಮೊದಲ ಔಷಧ ಸಾಕ್ವಿನಾವಿರ್‌ಗೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂಥ ಕಿಣ್ವದ ಕುಳಿಗೆ ಹೊಂದುವ ಅಣುವನ್ನು ಕಂಪ್ಯೂಟರಿನಲ್ಲಿ ಕೂರಿಸಿ ನೋಡಬೇಕಾದರೆ ಆ ಕುಳಿಯ ಆಕಾರ ನಂಬುವಂತಿರಬೇಕು. ತಪ್ಪು ರಚನೆಯ ಮೇಲೆ ಎಷ್ಟು ವೇಗವಾಗಿ ಲೆಕ್ಕ ಮಾಡಿದರೂ ಸಿಗುವುದು ತಪ್ಪು ಉತ್ತರವೇ. ನಕ್ಷೆ ಬೇಕಾಗುವುದು ಈ ನಂಬಿಕೆಯ ಪರೀಕ್ಷೆಗೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ತನ್ನ ರೂವಾರಿಗಳಿಗೆ ಪಾಲು ತಂದುಕೊಟ್ಟ, ಪ್ರೊಟೀನಿನ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಹಳೆಯ ನಕ್ಷೆ ಯಾಕೆ ಎಂಬ ಮಾತೂ ಇದೆ. ಆದರೆ ಆಲ್ಫಾಫೋಲ್ಡ್ ಕಲಿತದ್ದೇ ಪ್ರಯೋಗಗಳಿಂದ ಸಿಕ್ಕ ರಚನೆಗಳಿಂದ; ಅಂಥ ರಚನೆಗಳ ತಪಾಸಣೆಗೆ ಬಳಕೆಯಾಗುವುದು ಇದೇ ನಕ್ಷೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು, 2001ರಲ್ಲಿ ತೀರಿಕೊಂಡರು. ಪ್ರೊಟೀನ್ ಡೇಟಾ ಬ್ಯಾಂಕ್ ಈಗಲೂ ತನ್ನಲ್ಲಿಗೆ ಬರುವ ಪ್ರೊಟೀನ್ ರಚನೆಗಳ ತಪಾಸಣಾ ವರದಿಯಲ್ಲಿ, ಅವರ ನಕ್ಷೆಯ ಗಡಿ ದಾಟಿದ ಅಮೈನೊ ಆಮ್ಲಗಳೆಷ್ಟು ಎಂದು ತಿಳಿಸುತ್ತದೆ.